ಹೂ ಬರೆಯುವವಳು ಕತ್ತಿ ಬರೆದದ್ದು

ಗಿಡಮರಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ ರಂಗಾವತಿ ಎಂಬ ರಾಜ್ಯವಿತ್ತು. ಅಲ್ಲಿಯ ರಾಜ ಕಣ್ಣು ಮುಚ್ಚಿದ್ದೇ ತಡ, ಸೇನಾಪತಿ ಕಾಳಮಲ್ಲ ಸಿಂಹಾಸನ ಹತ್ತಿ ಕುಳಿತ. ಅವನಿಗೆ ಮಾಟ ಗೊತ್ತಿತ್ತು. ಕೋಟೆ ಬಾಗಿಲಿಗೆ ಕಬ್ಬಿಣದ ಹುಲಿಯೊಂದನ್ನು ಕಾವಲಿಟ್ಟು, ಇನ್ನು ಹಾಡು, ಕುಣಿತ, ಚಿತ್ರ ಯಾವುದೂ ಕೂಡದೆಂದು ಡಂಗುರ ಹೊಡೆಸಿದ. ನಗುವುದಕ್ಕೆ ಮಾತ್ರ ಅಪ್ಪಣೆಯಿತ್ತು, ಅದೂ ಅವನು ನಕ್ಕಾಗ.

ಆ ಊರಿನಲ್ಲಿ ಸಿರಿಯವ್ವ ಎಂಬ ಚಿತ್ರಗಾರ್ತಿ ಇದ್ದಳು. ಗೋಡೆಗಳ ಮೇಲೆ ಹೂಬಳ್ಳಿ, ಹಕ್ಕಿ ಬರೆಯುವುದು ಅವಳ ಕಸುಬು. ಅವಳು ಕಣ್ಣು ಬರೆದರೆ ಹಕ್ಕಿ ಗೋಡೆ ಬಿಟ್ಟು ಹಾರಿಹೋಗುತ್ತಿತ್ತು. ಅದಕ್ಕೇ ಜನ, "ಕಣ್ಣೊಂದು ಬರೀಬೇಡವ್ವ, ಹಕ್ಕಿ ನಮ್ಮನೇಲೇ ಇರ್ಲಿ" ಎನ್ನುತ್ತಿದ್ದರು.

ಕಲಾವಿದರೆಲ್ಲ ಬರಿಗೈಯಲ್ಲಿ ಹೋಗಿ ಕೋಟೆಯ ಮುಂದೆ ಕುಳಿತರು. ಮೊದಲ ದಿನ ಹಾಡಿದರು. ಹುಲಿ ಅವರ ಹಾಡನ್ನು ನುಂಗಿತು. ಎರಡನೆಯ ದಿನ ಕುಣಿದರು. ಹುಲಿ ಗೆಜ್ಜೆಯ ದನಿಯನ್ನು ನುಂಗಿತು. ಮೂರನೆಯ ದಿನ ಸಿರಿಯವ್ವನ ತಮ್ಮ ಬೊಪ್ಪ ಸುಮ್ಮನೆ ಕೈಮುಗಿದು ನಿಂತ. ಹುಲಿ ಅವನನ್ನೇ ನುಂಗಿತು.

"ಬರಿಗೈಲಿ ಕೂತದ್ದು ಸಾಕು" ಎಂದಳು ಸಿರಿಯವ್ವ.

"ನಮ್ಮ ಕೈಗೆ ಕತ್ತಿ ಒಗ್ಗಲ್ಲ ಕಣವ್ವ" ಎಂದ ಮದ್ದಳೆಯ ದೇಮಣ್ಣ.

"ನನ್ನ ತಮ್ಮ ಅದರ ಹೊಟ್ಟೇಲವನೆ, ದೇಮಣ್ಣ."

ದೇಮಣ್ಣ ಬಣ್ಣ ಅರೆಯಲು ಕುಳಿತ.

ಊರಾಚೆಯ ಬಂಡೆಯ ಮೇಲೆ ಸಿರಿಯವ್ವ ಕತ್ತಿ ಹಿಡಿದ ಆಳುಗಳನ್ನು ಬರೆದಳು. ಹೂವನ್ನೂ ತೊಟ್ಟನ್ನೂ ಕುಂಚ ಎತ್ತದೆ ಒಂದೇ ಎಳೆಯಲ್ಲಿ ಬರೆದು ಪಳಗಿದ ಕೈ ಅದು. ಅವಸರದಲ್ಲಿ ಆಳಿನ ಕೈಯನ್ನೂ ಕತ್ತಿಯನ್ನೂ ಹಾಗೆಯೇ ಬರೆದುಬಿಟ್ಟಿತು. ಕೊನೆಗೆ ಕಣ್ಣು ಬರೆದಳು. ಆಳುಗಳು ಬಂಡೆಯಿಂದ ಇಳಿದು ನಡೆದರು. ಹಾಡುವವರೂ ಕುಣಿಯುವವರೂ ಒನಕೆ, ಕುಡುಗೋಲು ಹಿಡಿದು ಅವರ ಜೊತೆಗೆ ಹೋದರು.

ಆಳುಗಳು ಹುಲಿಯ ಹೊಟ್ಟೆ ಸೀಳಿದರು. ಹಾಡು ಹೊರಬಂತು, ಗೆಜ್ಜೆಯ ದನಿ ಹೊರಬಂತು, ಕಣ್ಣುಜ್ಜಿಕೊಳ್ಳುತ್ತ ಬೊಪ್ಪನೂ ಬಂದ. ಮಾಟ ಮುರಿದದ್ದೇ ಕಾಳಮಲ್ಲ ತುಕ್ಕು ಹಿಡಿದ ಮೊಳೆಯಾಗಿ ನೆಲಕ್ಕೆ ಬಿದ್ದ.

ಊರಿಗೆ ಊರೇ ಎಲೆ ಹಾಕಿ ಊಟಕ್ಕೆ ಕುಳಿತಿತು. ಆಳುಗಳು ಮಾತ್ರ ತುತ್ತು ಎತ್ತಲಿಲ್ಲ. ಕತ್ತಿ ಅವರ ಕೈಬಿಡುತ್ತಿರಲಿಲ್ಲ.

"ಇದನ್ನ ಬಿಡಿಸವ್ವ" ಎಂದ ಒಬ್ಬ.

ಸಿರಿಯವ್ವನಿಗೆ ತನ್ನ ತಪ್ಪು ತಿಳಿಯಿತು. "ಎರಡೂ ಒಂದೇ ಎಳೆ, ಮಗಾ. ಕತ್ತಿ ಒರೆಸಿದ್ರೆ ಕೈಯೂ ಹೋಗ್ತದೆ."

"ಹೋಗ್ಲಿ ಬಿಡು. ಇದನ್ನ ಹಿಡ್ಕೊಂಡು ಊರ ಕೂಸುಗಳನ್ನ ಎತ್ಕೊಳ್ಳೋದು ಹೆಂಗೆ?"

ಅವಳು ಬಿಕ್ಕಿ ಬಿಕ್ಕಿ ಅಳುತ್ತ ಒದ್ದೆ ಬಟ್ಟೆಯಿಂದ ಒಬ್ಬೊಬ್ಬರ ಕತ್ತಿಯನ್ನೂ ಬಲಗೈಯನ್ನೂ ಒರೆಸಿದಳು.

ಆಮೇಲೆ ರಂಗಾವತಿಯಲ್ಲಿ ಎಲ್ಲರೂ ಸುಖವಾಗಿ ಬಾಳಿದರು. ಯಾರ ಮನೆಯಲ್ಲಿ ಎಲೆ ಹಾಕಿದರೂ ಮೊದಲ ತುತ್ತು ಬಲಗೈ ಇಲ್ಲದವರ ಬಾಯಿಗೆ, ಆಮೇಲೆ ತಮ್ಮ ಬಾಯಿಗೆ.