ರಾಮಗಿರಿಯ ದೋಣಿಕಟ್ಟೆ

೧೯೭೪ರ ಬೇಸಿಗೆ. ರಾಮಗಿರಿ ಬಳಿ ಸಾಹುಕಾರರೊಬ್ಬರು ದೋಣಿವಿಹಾರಕ್ಕೆಂದು ಕಟ್ಟಿಸಿದ್ದ ಪುಟ್ಟ ಅಣೆಕಟ್ಟೆ ಎಷ್ಟು ಗಟ್ಟಿಯಿದೆಯೆಂದು ನೋಡಲು, ಓವರ್‌ಸಿಯರ್ ಆಗಿದ್ದ ನಾನು ಹೋಗಿದ್ದೆ. ತೂಬು ತೆಗೆದು ಬರಿದು ಮಾಡಿ ಎರಡು ವರ್ಷವಾಗಿತ್ತು. ಕಟ್ಟೆಯ ಒಳಗಿನ ಅಂಗಳವೆಲ್ಲ ಬಿರುಕು. ಆದರೂ ಏರಿಯ ಹಿಂಬದಿಯಲ್ಲಿ ನೀರು ಜಿನುಗುತ್ತಿತ್ತು. ಆ ಉರಿಬಿಸಿಲಲ್ಲೂ ಮುಟ್ಟಿದರೆ ಬೆರಳು ಮರಗಟ್ಟುವಷ್ಟು ತಣ್ಣಗೆ. ಕುತೂಹಲಕ್ಕೆ ಏರಿಗೆ ಕಿವಿಯಿಟ್ಟೆ. ಒಳಗೆ ಯಾರೋ ನಿಧಾನವಾಗಿ ದೋಣಿಯ ಹುಟ್ಟು ಹಾಕುತ್ತಿದ್ದ ಸದ್ದು.

ಕೆಳಗೆ ಕುರಿರೊಪ್ಪ ಹಾಕಿದ್ದ ಮುದ್ದಕ್ಕನನ್ನು ಕೇಳಿದೆ.

"ದಿನಾ ಕೇಳ್ತೈತೆ ಸ್ವಾಮಿ. ಕುರಿ ಆ ನೀರಿಗೆ ಬಾಯಿ ಹಾಕಲ್ಲ."

"ಇವತ್ತೇ ಕುರಿಗಳನ್ನು ದಿಬ್ಬದ ಮೇಲಕ್ಕೆ ಸಾಗಿಸಮ್ಮ" ಎಂದೆ, ಯಾಕೆಂದು ನನಗೇ ತಿಳಿಯದೆ. ಅವಳು ನಕ್ಕಳು; ಆದರೆ ಹೊತ್ತು ಮುಳುಗುವುದರೊಳಗೆ ಸಾಗಿಸಿದಳು.

ಬೆಳಿಗ್ಗೆ ಏರಿ ಒಡೆದಿತ್ತು. ಅಂಗಳ ಮೊದಲಿನಂತೆ ಒಣಗಿಯೇ ಇತ್ತು. ಕೆಳಗೆ, ಖಾಲಿ ರೊಪ್ಪದ ಮುಳ್ಳುಬೇಲಿಯಲ್ಲಿ ಸಿಕ್ಕಿಕೊಂಡ ಮೀನುಗಳು ಇನ್ನೂ ಮಿಡುಕುತ್ತಿದ್ದವು.