ಮೊಳೆಯಿಂದ ಮಾಯವಾದ ವಿಷಲ್

"ಕಳ್ಳ ಅನ್ನಿಸ್ಕೊಂಡು ನಮ್ಮುಡುಗ ಈ ಇಸ್ಕೂಲಿಗೆ ಬರಲ್ಲ ಮೇಡಮ್ಮೋರೇ. ಟೀಸಿ ಕೊಟ್ಬುಡಿ," ಎಂದು ಪಿಳ್ಳಮ್ಮ ಮುಖ್ಯೋಪಾಧ್ಯಾಯಿನಿ ರುಕ್ಮಿಣಮ್ಮನವರ ಮೇಜಿನ ಮುಂದೆ ನಿಂತಳು. ಡೇರಿಗೆ ಹಾಲು ಹಾಕಿ ನೇರ ಬಂದಿದ್ದಳು. ಖಾಲಿ ಕ್ಯಾನು ಇನ್ನೂ ಕೈಯಲ್ಲೇ ಇತ್ತು. ಬೆನ್ನ ಹಿಂದೆ ಮೊಮ್ಮಗ ಮಂಜೇಶ ನೆಲ ನೋಡುತ್ತಿದ್ದ.

ಮಂಜೇಶನ ಕ್ಲಾಸ್ ಟೀಚರ್ ಪ್ರಮೋದಾ ಬಾಗಿಲ ಬಳಿಯೇ ನಿಂತುಬಿಟ್ಟಳು. "ನಿನ್ನನ್ನ ಬಿಟ್ಟು ಇನ್ಯಾರು ಕದೀತಾರೆ?" ಎಂದು ಹಿಂದಿನ ದಿನ ಐದನೇ ತರಗತಿಯ ಎಲ್ಲರೆದುರು ಕೇಳಿದ್ದವಳು ಅವಳೇ. ಊಟದ ಬಿಡುವು ಮುಗಿಸಿ ಬರುವಷ್ಟರಲ್ಲಿ ಗೋಡೆಯ ಮೊಳೆಗೆ ತೂಗುತ್ತಿದ್ದ ವಿಷಲ್, ಮೇಜಿನ ಮೇಲಿದ್ದ ಕಬ್ಬಿಣದ ಸ್ಕೇಲು, ಮರದ ಡಸ್ಟರು ಮೂರೂ ಮಾಯವಾಗಿದ್ದವು. ಮಕ್ಕಳೆಲ್ಲ ಹೆದರಿ ಕೂತಿದ್ದಾಗ ಮಂಜೇಶನೊಬ್ಬ ನಕ್ಕಿದ್ದ. ಅವಳಿಗೆ ಅಷ್ಟೇ ಸಾಕಾಗಿತ್ತು.

"ಮಧ್ಯಾಹ್ನದವರೆಗೆ ಟೈಮ್ ಕೊಡಿ ಪಿಳ್ಳಮ್ಮ," ಎಂದರು ರುಕ್ಮಿಣಮ್ಮ. "ಆಮೇಲೂ ಬೇಕು ಅಂದ್ರೆ ಟೀಸಿ ನಾನೇ ಬರ್ಕೊಡ್ತೀನಿ."

ಸೂಲಿಬೆಲೆ ಸುತ್ತಿನ ಯಾವ ಶಾಲೆಯಲ್ಲಿ ಏನು ಕಳೆದರೂ ಫೋನು ಬರುತ್ತಿದ್ದುದು ರುಕ್ಮಿಣಮ್ಮನವರಿಗೆ. ಯಾರನ್ನೂ ಗದರಿಸದೆ ಹುಡುಕಿಕೊಡುತ್ತಿದ್ದರು. ಅಂಥ ಹುಡುಕಾಟಗಳಿಗೆ ಪ್ರಮೋದಾ ಹುಮ್ಮಸ್ಸಿನಿಂದ ಜೊತೆ ಹೋಗುತ್ತಿದ್ದಳು. ಈ ಸಲ ಕಾಲೇ ಬರಲೊಲ್ಲದು.

ಮಕ್ಕಳು ಪ್ರಾರ್ಥನೆಗೆ ಅಂಗಳದಲ್ಲಿದ್ದಾಗ ಇಬ್ಬರೂ ತರಗತಿಯೊಳಗೆ ಬಂದರು. ಪ್ರಮೋದಾಳ ಒಳ್ಳೆಯ ಪೆನ್ನು ಮೇಜಿನ ಮೇಲೆ ಇದ್ದ ಹಾಗೇ ಇತ್ತು. ಡಸ್ಟರಿನ ಜಾಗದಲ್ಲಿ, ಒಗೆದು ಮಡಚಿದ ಹಳೇ ಬಟ್ಟೆಯ ತುಂಡು.

"ಇದು ನೀನಿಟ್ಟಿದ್ದಾ?"

"ಇಲ್ಲ ಮೇಡಂ. ನಿನ್ನೆ ನಾನು ಬಂದಾಗಲೇ ಇತ್ತು."

"ಪೆನ್ನು ಬಿಟ್ಟು ಡಸ್ಟರ್ ಕದ್ದು, ಬೋರ್ಡ್ ಒರೆಸೋಕೆ ಬಟ್ಟೆ ಇಟ್ಟು ಹೋಗೋ ಕಳ್ಳ! ನಮ್ಮನೆಗೂ ಇಂಥೋರು ಬರಬಾರ್ದಾ?"

ಪ್ರಮೋದಾಳಿಗೆ ನಗು ಬರಲಿಲ್ಲ. ಮೊಳೆಯ ಸುತ್ತ ಮೆತ್ತಿದ್ದ ಬಿಳಿ ಪುಡಿಯನ್ನು ಬೆರಳಿಂದ ಮುಟ್ಟಿದ ರುಕ್ಮಿಣಮ್ಮ ತಟ್ಟನೆ ಕೈ ಒದರಿದರು. ಬೆಳಿಗ್ಗೆ ತರಕಾರಿ ಹೆಚ್ಚುವಾಗ ಕುಯ್ದುಕೊಂಡ ಗಾಯ ಚುರುಗುಟ್ಟಿತ್ತು.

"ಸೀಮೆಸುಣ್ಣ ಮೇಡಂ," ಎಂದಳು ಪ್ರಮೋದಾ. "ಹುಳುವಿನ ತಟ್ಟೆಯಲ್ಲೂ ಬಿದ್ದಿದೆ ನೋಡಿ."

ಮೇಜಿನ ಇನ್ನೊಂದು ತುದಿಯಲ್ಲಿ, ಪರಿಸರ ಪಾಠಕ್ಕೆಂದು ತರಿಸಿದ ರೇಷ್ಮೆ ಹುಳುಗಳ ಪುಟ್ಟ ಬಿದಿರು ತಟ್ಟೆಯಿತ್ತು. ಹುಳುಗಳು ತಲೆಯೆತ್ತಿ, ಅಲುಗಾಡದೆ ಕೂತಿದ್ದವು. "ನಿನ್ನೆಯಿಂದ ಸೊಪ್ಪೇ ಹಾಕಿಲ್ಲ. ಮಕ್ಕಳ ಉತ್ಸಾಹ ಅಷ್ಟೇ ಮೇಡಂ," ಎಂದಳು ಪ್ರಮೋದಾ.

"ತಂದ್ಕೊಟ್ಟೋರ್ಯಾರು?"

"ಸಿಂಚನ. ಅವರ ಮನೇಲಿ ಸಾಕ್ತಾರೆ. ಪಾಪದ ಹುಡುಗಿ ಮೇಡಂ, ಕ್ಲಾಸಲ್ಲಿ ಇದಾಳೋ ಇಲ್ವೋ ಗೊತ್ತೇ ಆಗಲ್ಲ."

ರುಕ್ಮಿಣಮ್ಮ ಅವಳ ಮುಖವನ್ನೊಮ್ಮೆ ನೋಡಿದರು. "ವಿಷಲ್ ಯಾವಾಗಿಂದ ಊದ್ತಿದೀಯ?"

"ಗಂಟಲು ಕಟ್ಟಿದಾಗಿಂದ," ಎಂದಳು ಪ್ರಮೋದಾ ಸಣ್ಣಗೆ. ಹೊಸಕೋಟೆಯಿಂದ ಬರುವಾಗ ಬಸ್ಸಿನಲ್ಲಿ ಅವಳಿಗೆ ದಿನವೂ ಒಂದೇ ದಿಗಿಲು: ಇವತ್ತೂ ಕ್ಲಾಸು ಕೈಗೆ ಸಿಗದಿದ್ದರೆ? ಪಕ್ಕದ ಕೋಣೆಯವರು ಬಂದು ಇಣುಕಿದರೆ? ಅದಕ್ಕೇ ಕೂಗುತ್ತಿದ್ದಳು, ಮೇಜು ಕುಟ್ಟುತ್ತಿದ್ದಳು. ಕೊನೆಗೆ ಆ ವಿಷಲ್ ತಂದಿದ್ದಳು. ಇದನ್ನು ಅವಳು ಯಾರಿಗೂ ಹೇಳಿಕೊಂಡಿರಲಿಲ್ಲ.

ಹೊರಗೆ ಜಗಲಿಯಲ್ಲಿ ರುಕ್ಮಿಣಮ್ಮ ಮಂಜೇಶನ ಪಕ್ಕ ಕೂತರು. "ನೀನು ತಗೊಂಡ್ಯೇನಪ್ಪಾ?"

"ಇಲ್ಲ ಮಿಸ್."

"ಯಾರು ಅಂತ ಗೊತ್ತಾ?"

ಹುಡುಗ ತುಟಿ ಬಿಗಿದುಕೊಂಡ.

ಊಟವಾದ ಮೇಲೆ ಮಕ್ಕಳೆಲ್ಲ ತರಗತಿಯಲ್ಲಿ ಸೇರಿದರು. ಪಿಳ್ಳಮ್ಮ ಬಾಗಿಲಿಗೊರಗಿ ನಿಂತಳು.

"ಮೂರು ವಸ್ತು ಹೋಗಿವೆ," ರುಕ್ಮಿಣಮ್ಮ ಶುರು ಮಾಡಿದರು. "ಬೆಲೆ ಬಾಳೋ ಪೆನ್ನು ಹೋಗಿಲ್ಲ. ವಿಷಲ್ ಕೂಗುತ್ತೆ. ಸ್ಕೇಲು, ಡಸ್ಟರು ಮೇಜು ಕುಟ್ಟುತ್ತವೆ. ಅಂದ್ರೆ ಕಳ್ಳರಿಗೆ ಬೇಕಾಗಿದ್ದು ವಸ್ತು ಅಲ್ಲ, ಸದ್ದು ನಿಲ್ಲೋದು. ಪಾಠಕ್ಕೆ ತೊಂದ್ರೆ ಆಗಬಾರ್ದು ಅಂತ ಬಟ್ಟೆ ಇಟ್ರು. ಇನ್ನು ಮೊಳೆ ಹತ್ರದ ಪುಡಿ. ಸೀಮೆಸುಣ್ಣ ಗಾಯಕ್ಕೆ ಉರಿಯಲ್ಲ, ಸುಣ್ಣದ ಪುಡಿ ಉರಿಯುತ್ತೆ. ತಟ್ಟೇಲಿರೋದೂ ಅದೇ."

ಪ್ರಮೋದಾಳತ್ತ ತಿರುಗಿದರು. "ಹುಳ ಪೊರೆ ಬಿಡೋ ಹೊತ್ತಿಗೆ ಮೇವು ನಿಲ್ಲಿಸ್ತಾರೆ ಕಣಮ್ಮ. ಸುಣ್ಣ ಉದುರಿಸ್ತಾರೆ. ಆಗ ತಟ್ಟೆ ಅಲುಗಬಾರ್ದು. ಹುಳದ ಮನೇಲಿ ದೊಡ್ಡೋರೂ ಪಿಸುಮಾತೇ ಆಡೋದು. ಇಲ್ಲಿ ತಟ್ಟೆ ಇರೋದು ನೀನು ಕುಟ್ಟೋ ಮೇಜಿನ ಮೇಲೆ. ಮಂಜೇಶನ ಮನೇಲಿರೋದು ಹಸು. ಅವನಾಗಿದ್ರೆ ಹುಳ ಹಸಿದಿವೆ ಅಂತ ಸೊಪ್ಪು ಸುರೀತಿದ್ದ. ಇದು ಹುಳ ಸಾಕಿ ಗೊತ್ತಿರೋರ ಕೈ. ಹೆಸರು ನಾನು ಹೇಳಲ್ಲ. ಯಾರಿಗೂ ಶಿಕ್ಷೆ ಇಲ್ಲ."

ಕಿಟಕಿಯ ಪಕ್ಕ ನಿಧಾನವಾಗಿ ಒಂದು ಕೈ ಮೇಲೆದ್ದಿತು.

ಉಗುರಿನ ಸಂದಿಯಲ್ಲಿ ಇನ್ನೂ ಸುಣ್ಣವಿದ್ದ ಆ ಪುಟ್ಟ ಕೈಯನ್ನು ಪ್ರಮೋದಾ ಗುರುತಿಸಿದಳು. ನಿನ್ನೆ ಬೆಳಿಗ್ಗೆ ಇದೇ ಕೈ ಮತ್ತೆ ಮತ್ತೆ ಎದ್ದಿತ್ತು. "ಆಮೇಲೆ" ಎಂದು ಪ್ರತಿಸಲವೂ ಅವಳೇ ಅದನ್ನು ಕೆಳಗಿಳಿಸಿದ್ದಳು.

"ಹೇಳಮ್ಮ ಸಿಂಚನ. ಈಗ ಕೇಳಿಸ್ಕೋತೀನಿ."

"ಅಲುಗಿದ್ರೆ ಪೊರೆ ಸಿಕ್ಕಾಕೊಂಡು ಸತ್ತೋಗ್ತವೆ ಮಿಸ್. ಇವತ್ತು ಕೊಟ್ಬಿಡೋಣ ಅಂತಿದ್ದೆ. ಮಂಜೇಶಂಗೆ ಬೈದ್ರಲ್ಲ, ಭಯ ಆಗೋಯ್ತು." ಗೋಡೆಗೊರಗಿಸಿದ್ದ ಭೂಪಟದ ಸುರುಳಿಯ ಹಿಂದಿನಿಂದ ಅವಳು ಗಂಟು ತೆಗೆದಳು. ಸದ್ದಾಗದಂತೆ ಮೂರನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿದ್ದಳು.

"ನೀನು ನೋಡಿದ್ಯಾ ಮಂಜೇಶ? ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಮತ್ತೆ ಕುಟ್ತಿದ್ರಿ."

ಪಿಳ್ಳಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಪ್ರಮೋದಾ ಅವನ ಬೆಂಚಿನವರೆಗೆ ನಡೆದುಹೋದಳು. ಎಲ್ಲರೆದುರು ಆಡಿದ ಮಾತನ್ನು ಎಲ್ಲರೆದುರೇ ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು.

"ನೀನು ಕಳ್ಳ ಅಲ್ಲ ಕಣೋ. ನಾನು ವಿಚಾರಿಸದೆ ಅಂದ್ಬಿಟ್ಟೆ. ತಪ್ಪಾಯ್ತು." ವಿಷಲನ್ನು ಅವನ ಕೈಗಿಟ್ಟಳು. "ಇದು ಇನ್ಮೇಲೆ ಆಟದ ಬಯಲಿಗೆ. ಊದೋನು ನೀನು."

ಆಗ ಸಿಂಚನ ತಟ್ಟೆಯತ್ತ ಬಾಗಿ, "ಎದ್ವು ಮಿಸ್!" ಎಂದು ಪಿಸುಗುಟ್ಟಿದಳು. ಹಳೆಯ ಪೊರೆ ಕಳಚಿ ಹುಳುಗಳು ಹರಿದಾಡುತ್ತಿದ್ದವು. ಅವಳು ಚೀಲದಿಂದ ಎಳೆಯ ಹಿಪ್ಪುನೇರಳೆ ಸೊಪ್ಪು ತೆಗೆದು ಹಾಸಿದಳು. ಯಾರೂ ಹೇಳದೆ ಮಕ್ಕಳು ತುದಿಗಾಲಲ್ಲಿ ಬಂದು ಸುತ್ತ ನೆರೆದರು. ಹುಳುಗಳು ಸೊಪ್ಪು ಮೇಯುವ ಸಣ್ಣ ಸರಸರ ಸದ್ದಿಗೆ ಪ್ರಮೋದಾಳೂ ಅವರ ನಡುವೆ ತಲೆ ತಗ್ಗಿಸಿ ಕಿವಿಯಿಟ್ಟಳು.

"ಟೀಸಿ ಬರೀಲಾ ಪಿಳ್ಳಮ್ಮ?" ಎಂದರು ರುಕ್ಮಿಣಮ್ಮ.

"ಶ್! ಮೆತ್ತುಗೆ ಮಾತಾಡಿ ಮೇಡಮ್ಮೋರೇ," ಎಂದ ಪಿಳ್ಳಮ್ಮ, ಕ್ಯಾನು ಸದ್ದು ಮಾಡದಂತೆ ಎದೆಗವಚಿಕೊಂಡು ಜಗಲಿ ಇಳಿದಳು.