ಬಿಳಿ ಗೆರೆ ತೊಳೆದ ಡಾಕ್ಟರಮ್ಮ

"ಈ ಜೀಪಿನ ಶಾಫ್ಟು ರಿಪೇರಿ ಮಾಡಿದ ಮಹಾನುಭಾವರು ಯಾರು?"

ಗ್ಯಾರೇಜಿನ ಬಾಗಿಲಲ್ಲಿ ನಿಂತು ಅವಳು ಕೇಳಿದ ರೀತಿಗೆ ಒಳಗಿನ ಸುತ್ತಿಗೆಯ ಸದ್ದು ಟಕ್ಕನೆ ನಿಂತಿತು.

ಲಾರಿಯ ಅಡಿಯಿಂದ ಒಬ್ಬ ಮೆಲ್ಲಗೆ ಜಾರಿ ಹೊರಬಂದ. ಮೊಣಕೈವರೆಗೂ ಗ್ರೀಸು. ಊರಿಗೆಲ್ಲ ಅವನು ಮೇಸ್ತ್ರಿ.

"ನಾನೇ. ಏನಾಯ್ತು ಮೇಡಂ?"

"ಏನಾಯ್ತಾ! ಶಾಫ್ಟಿನ ಕೀಲಿಗೆ ಹೊಸ ಕ್ರಾಸ್ ಹಾಕಿದೆ ಅಂತ ನಿಮ್ಮ ಚೀಟಿ ತೋರಿಸಿ ಮೊದಲಿನ ಮಾಲೀಕರು ಈ ಹಳೇ ಜೀಪ್ ನನಗೆ ಮಾರಿದ್ರು. ಈಗ ನಲವತ್ತು ದಾಟಿದ್ರೆ ಸಾಕು, ಸೀಟು, ಸ್ಟೀರಿಂಗು, ನನ್ನ ಹಲ್ಲು ಎಲ್ಲಾ ಗಡಗಡ! ಹಳೇದನ್ನೇ ಒರೆಸಿ ಹಾಕಿದ್ದೀರಿ, ಅಲ್ವಾ?"

ಅವನ ಮುಖ ಸಣ್ಣದಾಯಿತು. ಬಿಡಿಭಾಗಗಳ ಕೌಂಟರಿನಿಂದ ಅವನ ಅಕ್ಕ ಎದ್ದು ನಿಂತಳು.

"ನೋಡಮ್ಮಾ, ಕ್ರಾಸ್ ನಾನೇ ಪೊಟ್ಟಣ ಒಡೆದು ಕೊಟ್ಟಿದ್ದು. ಬಾಯಿಗೆ ಬಂದ ಹಾಗೆ ಮಾತಾಡ್ಬೇಡ."

ಅವಳು ಊರಿಗೆ ಹೊಸದಾಗಿ ಬಂದ ದನದ ಡಾಕ್ಟರು. ಗುಡ್ಡದ ಮೇಲಿನ ಮೂರು ಹಟ್ಟಿಗಳಲ್ಲಿ ದನಗಳಿಗೆ ಕಾಲುಬಾಯಿ ಜ್ವರ. ಹಿಂದಿನ ಡಾಕ್ಟರುಗಳೆಲ್ಲ ದನಗಳನ್ನೇ ಕೆಳಗಿಳಿಸಿ ಎನ್ನುತ್ತಿದ್ದರು. ಇವಳು ನಾನೇ ಬರುತ್ತೇನೆಂದು ಮಾತು ಕೊಟ್ಟಿದ್ದಳು. ನಾಳೆ ಬೆಳಗ್ಗೆ ಹತ್ತಬೇಕು. ನಾಲ್ಕೂ ಚಕ್ರ ಎಳೆಯುವ ಗಾಡಿಯಲ್ಲದೆ ಬೇರೇನೂ ಆ ದಾರಿ ಹತ್ತದು.

'ಗುಡ್ಡ ಸುತ್ತೋ ಹುಡುಗೀನ ಯಾರು ಮದುವೆ ಆಗ್ತಾರೆ? ವರ್ಗ ಮಾಡಿಸ್ಕೊ' ಎಂದು ಅಮ್ಮ ಮೊನ್ನೆಯಷ್ಟೇ ಫೋನಿನಲ್ಲಿ ಅತ್ತಿದ್ದಳು. ನಾಳೆ ಹತ್ತದಿದ್ದರೆ ಅಮ್ಮನ ಮಾತೇ ಗೆಲ್ಲುತ್ತದೆ... ಇಲ್ಲ, ಹತ್ತಲೇಬೇಕು!

ಮೇಸ್ತ್ರಿ ಜೀಪಿನ ಕೆಳಗೆ ನುಸುಳಿ, ಶಾಫ್ಟು ಹಿಡಿದು ಅತ್ತಿತ್ತ ತಿರುಚಿದ. ಕ್ರಾಸ್ ಒಂದಿಷ್ಟೂ ಅಲುಗಲಿಲ್ಲ; ಹೊಸದೇ, ಸವೆದಿರಲಿಲ್ಲ.

"ಇದನ್ನ ಬಿಚ್ಚಿದ್ದು ಯಾರು?"

"ನಾನೇ. ಪುಸ್ತಕ ನೋಡ್ಕೊಂಡು... ಕ್ಲೀನ್ ಮಾಡಿ ಗ್ರೀಸ್ ಹೊಡೆಯೋಕೆ."

"ಶಾಫ್ಟಿನ ಮೇಲೆ ಬಿಳಿ ಬಣ್ಣದ ಗೆರೆ ಇತ್ತಲ್ಲ?"

"ಗೆರೆನಾ? ಅದು... ಕಾಗೆ ಹಿಕ್ಕೆ ಅಂದ್ಕೊಂಡು ಡೀಸೆಲ್ ಹಾಕಿ ಉಜ್ಜಿಬಿಟ್ಟೆ."

"ಜೀಪಿನ ಹೊಟ್ಟೆ ಕೆಳಗೆ ಯಾವ ಕಾಗೆ ನುಗ್ಗಿತ್ತಮ್ಮಾ!" ಅಕ್ಕ ಬಿದ್ದು ಬಿದ್ದು ನಕ್ಕಳು.

ಮೇಸ್ತ್ರಿ ನಗಲಿಲ್ಲ. "ಚಕ್ರಕ್ಕೆ ಶಕ್ತಿ ಒಯ್ಯೋ ಈ ಶಾಫ್ಟು ಎರಡು ತುಂಡು. ಒಂದರೊಳಗೆ ಒಂದು ಜಾರುತ್ತೆ. ಎರಡೂ ತುದಿಯ ಕವಲು ಒಂದೇ ನೇರಕ್ಕೆ ನಿಲ್ಲಬೇಕು. ಮುಂದೆ ಬಿಚ್ಚೋರಿಗೆ ಗೊತ್ತಾಗ್ಲಿ ಅಂತ ಗೆರೆ ಎಳೆದಿರ್ತೀನಿ. ನೀವು ತಿರುಗಿಸಿ ಕೂಡಿಸಿದ್ದೀರಿ, ಅದಕ್ಕೇ ನಡುಗ್ತಿದೆ."

ಅವಳ ಕಿವಿ ಬಿಸಿಯಾಯಿತು. ಆದರೆ ಓಡಿಹೋಗುವ ಜಾತಿಯಲ್ಲ ಅವಳು.

"ತಪ್ಪು ನಂದೇ. ನಿಮ್ಮನ್ನ ಸುಮ್ಮನೆ ಅಂದೆ," ಎಂದಳು. ಬಂದಾಗ ಎಷ್ಟು ಗಟ್ಟಿಯಾಗಿ ಬೈದಿದ್ದಳೋ ಅಷ್ಟೇ ಗಟ್ಟಿಯಾಗಿ.

"ಬಿಡಿ. ಅರ್ಧ ಗಂಟೇಲಿ ಸರಿ ಮಾಡ್ಕೊಡ್ತೀನಿ."

"ಬೇಡ. ನೀವು ಹೇಳಿ, ನಾನು ಮಾಡ್ತೀನಿ. ಇನ್ನೊಂದ್ಸಲ ಈ ತಪ್ಪು ಮಾಡಬಾರ್ದು."

ಅವನು ಒಂದು ಕ್ಷಣ ಅವಳನ್ನೇ ನೋಡಿ, ಜೀಪಿನಡಿ ಹಳೆಯ ಗೋಣಿಚೀಲವೊಂದನ್ನು ಹಾಸಿದ.

ಅವಳು ಬಿಚ್ಚಿದಳು, ಕವಲುಗಳನ್ನು ನೇರ ಮಾಡಿ ಕೂಡಿಸಿದಳು, ಗ್ರೀಸ್ ಗನ್ನು ಒತ್ತಿದಳು. ಕ್ರಾಸಿನ ನಾಲ್ಕು ತೋಳುಗಳಲ್ಲಿ ಮೂರರಲ್ಲಿ ಹೊಸ ಗ್ರೀಸು ಇಣುಕಿತು. ನಾಲ್ಕನೆಯದರಲ್ಲಿ ಇಲ್ಲ.

"ಮೂರು ಸಾಕಲ್ವಾ?"

"ಸಾಲ್ದು. ಒಣಗಿದ್ದೇ ಮೊದಲು ಮುರಿಯೋದು. ಸ್ವಲ್ಪ ತಿರುಗಿಸಿ ಮತ್ತೆ ಒತ್ತಿ."

ತೋಳು ಸೋತಿತು, ಬೆವರು ಕಣ್ಣಿಗಿಳಿಯಿತು. ಆದರೂ ಅವನು ಗನ್ನು ಕಿತ್ತುಕೊಳ್ಳಲಿಲ್ಲ. ಸುಮ್ಮನೆ ಪಕ್ಕದಲ್ಲಿ ಬ್ಯಾಟರಿ ಹಿಡಿದುಕೊಂಡಿದ್ದ.

'ಬೇರೆ ಯಾರಾದ್ರೂ ಆಗಿದ್ರೆ, ಬಿಡಿ, ನಿಮ್ಮ ಕೈಲಾಗಲ್ಲ, ಅಂದಿರೋರು... ಇವನು ಕಾಯ್ತಾ ಇದ್ದಾನೆ!' ಅವಳ ಎದೆ ಯಾಕೋ ಹಗುರಾಯಿತು.

ಕೊನೆಗೂ ನಾಲ್ಕನೆಯ ತೋಳಿನಿಂದ ಗ್ರೀಸು ಬಂತು.

ಮರುದಿನ ಜೀಪು ಗುಡ್ಡ ಹತ್ತಿತು. ನಾಲ್ಕೇ ದಿನಗಳಲ್ಲಿ ಮೂರೂ ಹಟ್ಟಿಗಳ ಜ್ವರ ಬಂದ ದನಗಳಿಗೆ ಮದ್ದು, ಉಳಿದವಕ್ಕೆ ಲಸಿಕೆ ಬಿತ್ತು.

ಆಮೇಲೂ ಅವಳು ವಾರವಾರ ಗುಡ್ಡ ಹತ್ತಿದಳು; ದಾರಿಯಲ್ಲೊಂದು ಹಳ್ಳ. ನೀರು ದಾಟಿ ಬಂದಾಗಲೆಲ್ಲ ಗ್ರೀಸ್ ಹೊಡೆಯಬೇಕು ಎಂದಿದ್ದ ಮೇಸ್ತ್ರಿ. ಹಾಗಾಗಿ ಪ್ರತಿ ಶನಿವಾರ ಅವಳು ಗ್ಯಾರೇಜಿಗೆ ಬಂದಳು. ಐದು ತಿಂಗಳು ಬಂದಳು. ಬೇಸಿಗೆಯೂ ಬಂತು.

ಒಂದು ಶನಿವಾರ ಅವನು ಶಾಫ್ಟು ಮುಟ್ಟಿ ನೋಡಿ ಮೆಲ್ಲಗೆ ಕೇಳಿದ. "ಹಳ್ಳದಲ್ಲಿ ನೀರಿಲ್ಲ. ಹೋದ ವಾರದ ಗ್ರೀಸು ಹಾಗೇ ಇದೆ. ಮತ್ತೆ... ಯಾಕೆ ಬಂದ್ರಿ?"

ಅವಳು ತಡವರಿಸಲಿಲ್ಲ.

"ನಿಮ್ಮನ್ನ ನೋಡೋಕೆ. ಮದುವೆ ಆಗೋಣ ಅಂತ ಕೇಳೋಕೆ. ಆದ್ರೆ ಒಂದು ಮಾತು, ಗುಡ್ಡ ಬಿಡಲ್ಲ. ವಾರದಲ್ಲಿ ಮೂರು ದಿನ ನಾನು ಮನೇಲಿ ಸಿಗಲ್ಲ. ಯೋಚನೆ ಮಾಡಿ ಹೇಳಿ."

ಕೌಂಟರಿನಲ್ಲಿ ಅಕ್ಕನ ಕೈಯಿಂದ ನಟ್ಟುಗಳ ಡಬ್ಬಿ ಉರುಳಿತು.

ಅವನ ಕಣ್ಣು ತುಂಬಿತು. "ಯೋಚನೆ ಮಾಡಿ ಮೂರು ತಿಂಗಳಾಯ್ತು. ಓದಿದೋರು ನನ್ನಂಥವನನ್ನ ಒಪ್ತಾರಾ ಅಂತ ಹೆದರಿದ್ದೆ."

"ಈಗ?"

"ಈಗ್ಲೂ ಹೆದರಿಕೆ ಇದೆ... ಕೈಯೆಲ್ಲಾ ಗ್ರೀಸು, ನಿಮ್ಮ ಕೈ ಹಿಡಿಯೋದು ಹೇಗೆ ಅಂತ."

ಅವಳು ತನ್ನೆರಡು ಕೈಗಳನ್ನೂ ಚಾಚಿದಳು.

"ಹಿಡ್ಕೊಳ್ಳಿ... ಆಮೇಲೆ ತೊಳ್ಕೊಂಡ್ರಾಯ್ತು!"